ಪಿಟೀಲು ನಿಲ್ಲಿಸಿ, ಅಫಿಡವಿಟ್ ಓದಿ

ನಮ್ಮ ತಾಲ್ಲೂಕಿನ ಒಂದು ಹಳ್ಳಿಗೆ ಯೋಧನ ಪಾರ್ಥಿವ ಶರೀರ ಬಂದ ದಿನ ಡೆಸ್ಕಿನಿಂದ ನನಗೆ ಮೂರು ಸಲ ಫೋನ್ ಬಂತು. ಮೊದಲನೆಯದು ತಾಯಿ ಅಳುತ್ತಿರುವ ಫೋಟೊಗೆ. ಎರಡನೆಯದು ಕೊನೇ ಸಲ ಫೋನ್ ಮಾಡಿದಾಗ ಏನಂದಿದ್ದ ಅಂತ ಕೇಳೋದಕ್ಕೆ. ಮೂರನೆಯದು, 'ಸ್ವಲ್ಪ ಕರುಳು ಹಿಂಡೋ ಹಾಗೆ ಬರೀರಿ' ಅನ್ನೋದಕ್ಕೆ. ರಜೆಗೆ ಎಷ್ಟು ಸಲ ಅರ್ಜಿ ಹಾಕಿದ್ದ, ಎಷ್ಟು ಸಲ ಸಿಗಲಿಲ್ಲ ಅಂತ ಮನೆಯವರು ತಾವಾಗೇ ಹೇಳಿದ್ದರು. ಅದನ್ನೂ ಬರೆದು ಕಳಿಸಿದೆ. ಮಾರನೇ ದಿನ ಪತ್ರಿಕೆಯಲ್ಲಿ ಕಣ್ಣೀರೆಲ್ಲ ಇತ್ತು, ಆ ಎರಡು ಸಾಲು ಇರಲಿಲ್ಲ.

ಈ ಚಾಳಿ ನಮ್ಮದು ಮಾತ್ರ ಅಂದುಕೊಂಡಿದ್ದೆ. ಅಲ್ಲ. ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುತ್ತಾ ಹೋದರೆ ಅಲ್ಲೂ ಇದೇ ಕತೆ. 1861ರಿಂದ 1865ರವರೆಗೆ ನಡೆದ ಯುದ್ಧ ಅದು. ಆ ಯುದ್ಧದ ಸೈನಿಕ ಅಂದ ಕೂಡಲೇ ಜನ ನೆನೆಯುವುದು ಸುಲಿವನ್ ಬಾಲೂ ಎಂಬ ಮೇಜರ್ 1861ರ ಜುಲೈ 14ರಂದು ಹೆಂಡತಿಗೆ ಬರೆದ ಪತ್ರವನ್ನು. ಒಂದೇ ವಾರದಲ್ಲಿ ಬುಲ್ ರನ್ ಕಾಳಗದಲ್ಲಿ ಗಾಯಗೊಂಡು ಆಮೇಲೆ ಸತ್ತ. 1990ರಲ್ಲಿ ಕೆನ್ ಬರ್ನ್ಸ್ ತನ್ನ ಸಾಕ್ಷ್ಯಚಿತ್ರ ಸರಣಿಯಲ್ಲಿ ಆ ಪತ್ರ ಓದಿಸಿದ, ಹಿಂದೆ ಪಿಟೀಲು ನುಡಿಸಿದ. ದೇಶವೇ ಅತ್ತಿತು. ನಾನೂ ಮೊಬೈಲಿನಲ್ಲಿ ನೋಡಿ ಕಣ್ಣು ಒರೆಸಿಕೊಂಡವನೇ, ಸುಳ್ಳು ಹೇಳಲ್ಲ. ಆದರೆ ಬಾಲೂ ವಕೀಲ, ತನ್ನ ರಾಜ್ಯದ ಶಾಸನಸಭೆಯಲ್ಲಿ ಸ್ಪೀಕರ್ ಆಗಿದ್ದವನು. ಮಾತು ಕಟ್ಟುವುದು ಅವನ ಕಸುಬು. ಆ ಪಿಟೀಲಿನ ಧಾಟಿಯಂತೂ ಯುದ್ಧ ಕಾಲದ್ದೇ ಅಲ್ಲ, 1982ರಲ್ಲಿ ಕಟ್ಟಿದ್ದು!

ನನ್ನ ತಕರಾರು ಆ ಪತ್ರದ ಮೇಲಲ್ಲ, ಅದೊಂದನ್ನೇ ಸೈನಿಕನ ಬದುಕು ಅಂತ ಮಾರುವವರ ಮೇಲೆ.

ಬಿಡಾರದ ದಿನ ಹೇಗಿರುತ್ತಿತ್ತು? ಬೆಳಗಾಗುವ ಮೊದಲೇ ಕಹಳೆ, ಹಾಜರಿ, ಕವಾಯತು. ಊಟ ಆದ ಮೇಲೆ ಮತ್ತೆ ಕವಾಯತು. ನಡುವೆ ಸೌದೆ ಒಡೆಯೋದು, ನೀರು ಹೊರೋದು, ಕಾವಲು. ಕಾಳಗ ಅನ್ನೋದು ತಿಂಗಳುಗಟ್ಟಲೆ ಇಲ್ಲದೆಯೂ ಇರುತ್ತಿತ್ತು, ಬೇಸರ ಮಾತ್ರ ದಿನಾ. ಉತ್ತರದವರ ಪಡಿಯಲ್ಲಿ ಉಪ್ಪು ಹಾಕಿದ ಹಂದಿಮಾಂಸ, ಕಾಫಿ, ಮತ್ತೆ ಹಿಟ್ಟು-ನೀರಲ್ಲಿ ಮಾಡಿದ ಕಲ್ಲಿನಂಥ ಬಿಸ್ಕತ್ತು. ಅದನ್ನು ಬಂದೂಕಿನ ಹಿಡಿಯಿಂದ ಕುಟ್ಟಿ ಕಾಫಿಯಲ್ಲಿ ನೆನೆಸಿದರೆ ಒಳಗಿನ ಹುಳು ಮೇಲೆ ತೇಲುತ್ತಿದ್ದವು. ಕೆನೆ ತೆಗೆದ ಹಾಗೆ ತೆಗೆದು ಚೆಲ್ಲಿ ತಿನ್ನಬೇಕು. ದಕ್ಷಿಣದವರಿಗೆ ಆ ಕಾಫಿಯೂ ಇಲ್ಲ. ಬಂದರುಗಳಿಗೆ ದಿಗ್ಬಂಧನ ಬಿದ್ದಿತ್ತು, ಕಡಲೆಕಾಯಿ ಹುರಿದು ಕುದಿಸಿ ಕುಡಿಯುತ್ತಿದ್ದರು. ಹೊಳೆಯ ಎರಡು ದಡದ ಕಾವಲಿನವರು ಅಧಿಕಾರಿಗಳ ಕಣ್ಣು ತಪ್ಪಿಸಿ ಕಾಫಿಗೆ ಹೊಗೆಸೊಪ್ಪು ಬದಲಾಯಿಸಿಕೊಂಡದ್ದೂ ಉಂಟು.

ಸತ್ತವರ ಲೆಕ್ಕ ಬಹುಕಾಲ 6,20,000 ಅಂತಿತ್ತು, ಈಚಿನ ಅಂದಾಜು ಇನ್ನೂ ಹೆಚ್ಚು. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಗುಂಡಿಗೆ ಸತ್ತವರಲ್ಲ. ಭೇದಿ, ಆಮಶಂಕೆ, ಟೈಫಾಯಿಡ್, ದಡಾರ. ಪಾಯಿಖಾನೆಯ ಗುಂಡಿ ಕುಡಿಯುವ ನೀರಿನ ಪಕ್ಕದಲ್ಲೇ. ದಡಾರವಂತೂ ಹಳ್ಳಿ ಹುಡುಗರನ್ನು ಹುಡುಕಿ ಹಿಡಿಯಿತು. ಜನಸಂದಣಿ ಕಾಣದೆ ಬೆಳೆದವರು, ಪೇಟೆ ಹುಡುಗರಿಗೆ ಚಿಕ್ಕಂದಿನಲ್ಲೇ ಬಂದು ಹೋಗಿದ್ದ ಕಾಯಿಲೆ ಇವರಿಗೆ ಬಿಡಾರದಲ್ಲಿ ಬಂತು. ಹಳ್ಳಿಯಿಂದ ಬಂದ ನಾವು ಈ ಸಾಲನ್ನಾದರೂ ಎರಡು ಸಲ ಓದಬೇಕು.

ಮನೆ ಹಂಬಲ ಕೂಡ ಆಗ ಕಾಯಿಲೆಯೇ. 'ನಾಸ್ಟಾಲ್ಜಿಯಾ' ಅಂತ ವೈದ್ಯರು ದಾಖಲೆ ಪುಸ್ತಕದಲ್ಲಿ ಬರೆಯುತ್ತಿದ್ದರು, ಉತ್ತರದ ಸೈನ್ಯ ಒಂದರಲ್ಲೇ 5,000ಕ್ಕೂ ಹೆಚ್ಚು ಪ್ರಕರಣ, ಕೆಲವರು ಅದರಿಂದಲೇ ಸತ್ತರು ಅಂತ ನಮೂದು. ಮದ್ದು ಅವರಿಗೆ ಗೊತ್ತಿತ್ತು: ರಜೆ ಕೊಟ್ಟು ಮನೆಗೆ ಕಳಿಸುವುದು. ಕೊಡುತ್ತಿದ್ದದ್ದು ಕಮ್ಮಿ. ಗೇಲಿ ಮಾಡಿ ನಾಚಿಸಿದರೆ ಸರಿಹೋಗುತ್ತದೆ ಅಂದ ವೈದ್ಯರೂ ಇದ್ದರು.

ಇಷ್ಟು ಹೇಳಿದರೆ ನಮ್ಮ ಭಾವುಕರು, 'ನೋಡಿ, ಎರಡೂ ಕಡೆಯವರಿಗೂ ಮನೆ ನೆನಪು ಒಂದೇ, ಯುದ್ಧ ಎಷ್ಟು ವ್ಯರ್ಥ' ಅನ್ನುತ್ತಾರೆ. ಇಲ್ಲಿಯೇ ನನಗೆ ರೇಗುವುದು. ಒಂದೇ ಅಲ್ಲ. ಸುಮಾರು 40 ಲಕ್ಷ ಜನ ಗುಲಾಮರಾಗಿದ್ದ ದೇಶ ಅದು. ಕೆಲವರಿಗೆ ಮನೆ ಅಂದರೆ ಹೆಂಡತಿ ಮಕ್ಕಳು ಇನ್ನೊಬ್ಬನ ಆಸ್ತಿಯಾಗಿದ್ದ ಜಾಗ.

ಕೆಂಟಕಿ ರಾಜ್ಯದಲ್ಲಿ ಕ್ಯಾಂಪ್ ನೆಲ್ಸನ್ ಅಂತ ಒಂದು ದೊಡ್ಡ ಬಿಡಾರ. ಕೆಂಟಕಿ ದಂಗೆ ಎದ್ದ ರಾಜ್ಯವಲ್ಲ, ಹಾಗಾಗಿ ಲಿಂಕನ್ 1863ರಲ್ಲಿ ಹೊರಡಿಸಿದ ವಿಮೋಚನಾ ಘೋಷಣೆ ಅಲ್ಲಿಗೆ ಅನ್ವಯಿಸಲಿಲ್ಲ. ಸೈನ್ಯಕ್ಕೆ ಸೇರಿದ ಕಪ್ಪು ಗಂಡಸು ಸ್ವತಂತ್ರ, ಅವನ ಸಂಸಾರ ಮಾತ್ರ ಒಡೆಯನದೇ. ಸಂಬಳದಲ್ಲೂ ಭೇದ. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಕರಿಯನಿಗೆ 10, ಅದರಲ್ಲೂ ಬಟ್ಟೆಗೆಂದು 3 ಮುರಿದುಕೊಳ್ಳುತ್ತಿದ್ದರು. 1864ರ ಜೂನ್‌ವರೆಗೂ ಹೀಗೇ.

ಜೋಸೆಫ್ ಮಿಲ್ಲರ್ ಅಲ್ಲಿ ಸೇರಿದವನು. ನೀನು ಸೈನ್ಯಕ್ಕೆ ಹೋದರೆ ನಿನ್ನ ಹೆಂಡತಿ ಮಕ್ಕಳನ್ನು ನಾನು ಸಾಕಲ್ಲ ಅಂದ ಒಡೆಯ. ಸಂಸಾರವನ್ನೂ ಜೊತೆಗೇ ಕರೆತಂದ, ಇರಲು ಗುಡಾರ ಕೊಟ್ಟರು. ಬೇರೆ ಸೈನಿಕರು ನೆನೆದು ಕೊರಗುವ ಮನೆ ಇವನ ಗುಡಾರದೊಳಗೇ ಇತ್ತು. 1864ರ ನವೆಂಬರ್ 22, ಮಂಗಳವಾರ ಸಂಜೆ ಆರಕ್ಕೆ, ಬೆಳಗಾಗುವುದರೊಳಗೆ ಹೆಂಗಸರು ಮಕ್ಕಳು ಜಾಗ ಖಾಲಿ ಮಾಡಬೇಕು ಅಂತ ಆಜ್ಞೆ. ಅವನ ಏಳು ವರ್ಷದ ಮಗ ಕಾಯಿಲೆಯಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ. ಬೆಳಿಗ್ಗೆ ಎಂಟಕ್ಕೆ ಕುದುರೆ ಮೇಲೆ ಕಾವಲಿನವನು ಬಂದ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಈ ಚಳಿಗೆ ತೆಗೆದರೆ ಹುಡುಗ ಸಾಯುತ್ತಾನೆ, ನಾನು ಈ ದೇಶದ ಸೈನಿಕ ಅಂತ ಮಿಲ್ಲರ್ ಹೇಳಿದ. ಅದರಿಂದ ಏನೂ ಬದಲಾಗಲ್ಲ ಅಂದರು. ಗಾಡಿ ಹತ್ತದಿದ್ದರೆ ಗುಂಡು ಹಾರಿಸುವುದಾಗಿ ಹೆದರಿಸಿದರು.

ರಾತ್ರಿ ಮಿಲ್ಲರ್ ಹುಡುಕುತ್ತಾ ಆರು ಮೈಲಿ ನಡೆದ. ನಿಕೋಲಸ್‌ವಿಲ್ ಊರಿನ ಹಳೆಯ ಪ್ರಾರ್ಥನಾ ಮಂದಿರದಲ್ಲಿ ಅವರಿದ್ದರು. ಒಂದೇ ಒಂದು ಬೆಂಕಿ, ಜನ ಕಿಕ್ಕಿರಿದು ಹತ್ತಿರ ಹೋಗಲೂ ಆಗದು. ದಿನವಿಡೀ ತುತ್ತು ಅನ್ನವಿಲ್ಲ. ಹುಡುಗ ಗಾಡಿ ಇಳಿದ ಕೂಡಲೇ ಸತ್ತಿದ್ದ. ಮಿಲ್ಲರ್ ಅದೇ ರಾತ್ರಿ ಬಿಡಾರಕ್ಕೆ ವಾಪಸ್ ನಡೆದ, ಹಾಜರಿಗೆ ಇರಲೇಬೇಕಲ್ಲ. ಬೆಳಿಗ್ಗೆ ಮತ್ತೆ ನಡೆದು ಹೋಗಿ ತಾನೇ ಗುಂಡಿ ತೋಡಿ ಮಗನನ್ನು ಹೂತ.

ಇದೆಲ್ಲ ನವೆಂಬರ್ 26ರಂದು ಅವನು ಪ್ರಮಾಣ ಮಾಡಿ ಬರೆಸಿದ ಅಫಿಡವಿಟ್‌ನಲ್ಲಿದೆ. ಅಕ್ಷರ ಬಾರದವನು, ಕೊನೆಗೆ ಒಂದು ಗುರುತು ಹಾಕಿದ. ಹಂಬಲ, ವಿರಹ ಅಂತ ಒಂದು ಪದ ಇಲ್ಲ ಅದರಲ್ಲಿ. ಗಂಟೆ ಎಷ್ಟು, ಚಳಿ ಹೇಗಿತ್ತು, ಯಾರು ಏನಂದರು, ಎಷ್ಟು ಮೈಲಿ. ಅಷ್ಟೇ. ಡೆಸ್ಕ್ ಕೈಗೆ ಕೊಟ್ಟರೆ 'ಸಪ್ಪೆಯಾಗಿದೆ' ಅಂತ ವಾಪಸ್ ಕಳಿಸುವ ಕಾಪಿ.

ಆ ಸಪ್ಪೆ ವಿವರಗಳೇ ಕೆಲಸ ಮಾಡಿದವು. ಹೊರಹಾಕಿದ್ದು ಸುಮಾರು 400 ಹೆಂಗಸರು ಮಕ್ಕಳನ್ನು, ಸತ್ತವರು 102. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಸುದ್ದಿ ಬಂತು, ಗದ್ದಲ ಎದ್ದಿತು, ಸೈನ್ಯ ಆಜ್ಞೆ ತಿರುಗಿಸಿ ಅದೇ ಬಿಡಾರದಲ್ಲಿ ಅವರಿಗೆ ನೆಲೆ ಕಟ್ಟಬೇಕಾಯಿತು. 1865ರ ಮಾರ್ಚ್ 3ರಂದು ಕಪ್ಪು ಸೈನಿಕರ ಹೆಂಡತಿ ಮಕ್ಕಳೂ ಸ್ವತಂತ್ರರು ಅಂತ ಕಾನೂನೇ ಆಯಿತು.

ಆ ಜನವರಿಯಲ್ಲಿ ಮಿಲ್ಲರ್ ಬಿಡಾರದಲ್ಲೇ ತೀರಿಕೊಂಡಿದ್ದ. ಅಷ್ಟು ಹೊತ್ತಿಗೆ ಅವನ ಹೆಂಡತಿ, ಉಳಿದ ಮಕ್ಕಳೂ ಸತ್ತಿದ್ದರು. ಕಾನೂನು ಬಂದಾಗ ಆ ಮನೆಯಲ್ಲಿ ಬಿಡುಗಡೆಯಾಗಲು ಯಾರೂ ಇರಲಿಲ್ಲ.