ಶಿಬಿರದ ಮರುದಿನ ಏನು?

ಕೊರಟಗೆರೆಯಂಥ ತಾಲ್ಲೂಕಿಗೆ ಕ್ಯಾನ್ಸರ್ ತಪಾಸಣಾ ಶಿಬಿರ ಸಾಕು, ವಿಕಿರಣ ಚಿಕಿತ್ಸೆಯ ಸಂಶೋಧನೆ ಮಹಾನಗರದವರ ಶೋಕಿ ಎಂಬ ಲೇಖನ ಓದಿದೆ. ಶಿಬಿರ ಬೇಕು, ಒಪ್ಪಿದೆ. ಗಂಟು ಪತ್ತೆಯಾದ ಮರುದಿನದ ಮಾತನ್ನೇ ಲೇಖಕರು ಎತ್ತಿಲ್ಲ.

ಬಾಯಿ, ಗಂಟಲಿನ ಕ್ಯಾನ್ಸರಿಗೆ ಕರೆಂಟ್, ಅಂದರೆ ವಿಕಿರಣ, ಕೊಡಿಸುವುದೆಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಆರೇಳು ವಾರ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವ ಪಾವಗಡದಂಥ ದೂರದ ತಾಲ್ಲೂಕಿನವರು ಅಷ್ಟೂ ದಿನ ಅಲ್ಲೇ ಠಿಕಾಣಿ ಹೂಡಬೇಕು. ಜೊತೆಗೆ ಹೋದವರ ಕೂಲಿಯೂ ಖೋತಾ. ಈ ದಿನಗಳನ್ನು ಇಳಿಸಲು ಹೊರಟಿರುವುದೇ ಸಂಶೋಧನೆ, ಸ್ವಾಮಿ! ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ 'ಹಿಪ್ನೋ' ಪ್ರಯೋಗ 33 ಸಲದ ಚಿಕಿತ್ಸೆಯನ್ನು 20 ಸಲದ್ದರೊಂದಿಗೆ ಹೋಲಿಸಿತು. ಪ್ರತಿ ಸಲದ ಪ್ರಮಾಣ ಹೆಚ್ಚಿಸಿದ್ದರಿಂದ ರೋಗದ ಹತೋಟಿಯಲ್ಲಿ 20 ಸಲದ್ದು ಹಿಂದೆ ಬೀಳಲಿಲ್ಲ. ಶುರುವಿನಲ್ಲೇ ಸಿಕ್ಕ ಶ್ವಾಸಕೋಶದ ಸಣ್ಣ ಗಡ್ಡೆಗಂತೂ ಕೆಲವೇ ಸಲ ಸಾಕಾಗುವ ವಿಧಾನ ಬಂದಿದೆ.

ಶಿಬಿರಕ್ಕೆ ತಡವಾಗಿ ಬಂದ ಹೆಂಗಸರ ಗತಿ? ಗರ್ಭಕಂಠದ ಕ್ಯಾನ್ಸರ್ ಮುಂದುವರಿದಿದ್ದ 850 ಮಹಿಳೆಯರ ಮೇಲೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಅಧ್ಯಯನ ನಡೆಸಿತು. ವಿಕಿರಣದ ಜೊತೆ ಸಿಸ್‌ಪ್ಲಾಟಿನ್ ಔಷಧ ಕೊಟ್ಟಾಗ ಐದು ವರ್ಷ ಬದುಕುಳಿದವರ ಪ್ರಮಾಣ ಶೇ 46ರಿಂದ 54ಕ್ಕೆ ಏರಿತೆಂದು 2018ರಲ್ಲಿ ಪ್ರಕಟವಾಯಿತು. ಇದು ಶೋಕಿಯೇ?

ಪತ್ತೆಯಾದವರನ್ನು ಎಲ್ಲಿಗೆ, ಎಷ್ಟು ದಿನಕ್ಕೆ, ಯಾರ ಖರ್ಚಿನಲ್ಲಿ ಕಳಿಸುವುದೆಂದು ಲೇಖಕರು ಮುಂದಿನ ಸಲವಾದರೂ ಬರೆಯಲಿ.