ಶಾಖದ ಗಂಟೂ ಶುದ್ಧ ಜಲವೂ

ಹೈದರಾಲಿಯ ಜನ್ಮಸ್ಥಳವೆಂದು ಚರಿತ್ರೆಯಲ್ಲಿ ಹೆಸರಾದ ಬೂದಿಕೋಟೆಯ ಸುತ್ತಣ ಸೀಮೆಯಲ್ಲಿ, ರಾಗಿಯ ಹೊಲದಲ್ಲಿ ಬೆನ್ನು ಬಾಗಿಸಿ ಕಳೆ ಕಿತ್ತವರೂ, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಆಳಕ್ಕಿಳಿದು ಬಂಡೆ ಕೊರೆದವರೂ ಇಂದು ವಾರ್ಧಕ್ಯವನ್ನು ಮುಟ್ಟಿದ್ದಾರೆ. ಅವರ ದುಡಿಮೆಯ ಫಲವನ್ನು ನಾಡು ಉಂಡಿತು, ಕೀಲುನೋವು ಅವರ ಪಾಲಿಗೆ ಉಳಿಯಿತು. ಇಂತಹ ವೃದ್ಧರಿಗೆ ಸೊಪ್ಪಿನ ಗಂಟಿನಿಂದ ಶಾಖ ಕೊಡುವ ನಮ್ಮ ಮನೆಗಳ ಪದ್ಧತಿಯನ್ನು ಮೌಢ್ಯವೆಂದು ತಳ್ಳಿಹಾಕುವುದೂ ಸರ್ವರೋಗಹರವೆಂದು ಕೊಂಡಾಡುವುದೂ ಸಮಾನವಾಗಿ ಅನುಚಿತವೆಂಬುದು ನನ್ನ ದೃಢವಾದ ಅಭಿಪ್ರಾಯ.

ಚರಕಸಂಹಿತೆಯ ಸೂತ್ರಸ್ಥಾನವು ಅಗ್ನಿಯ ಸಹಾಯದಿಂದ ಮಾಡುವ 13 ಬಗೆಯ ಸ್ವೇದಗಳನ್ನು ಎಣಿಸುವಾಗ, ಗಂಟು ಕಟ್ಟಿ ಕೊಡುವ ಸಂಕರಸ್ವೇದವನ್ನೇ ಮೊದಲಿಗೆ ಹೇಳುತ್ತದೆ. ಲಕ್ಕಿ ಸೊಪ್ಪು, ಹುಣಸೆಯೆಲೆ, ಹರಳೆಲೆಗಳನ್ನು ಹೆಚ್ಚಿ, ಬಾಣಲೆಗೆ ಎಳ್ಳೆಣ್ಣೆ ಬಿಟ್ಟು, ಅರಿಶಿನ ಕಲ್ಲುಪ್ಪುಗಳೊಡನೆ ಬಾಡಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಕಾವಲಿಯ ಮೇಲೆ ಬಿಸಿಮಾಡಿ ಮಂಡಿಯ ಸುತ್ತ ಮೆಲ್ಲನೆ ಒತ್ತುತ್ತ ಬಂದರೆ, ರಕ್ತಸಂಚಾರ ಹೆಚ್ಚಿ, ಬಿಗಿದ ಸ್ನಾಯುಗಳು ಸಡಿಲಿ, ನೋವು ಕೆಲಹೊತ್ತು ಶಮನವಾಗುವುದುಂಟು. ಥೈಲೆಂಡಿನಲ್ಲಿಯೂ ಇಂತಹುದೇ ಗಂಟು ಪರಂಪರೆಯ ವೈದ್ಯದ ಅಂಗವಾಗಿ ಇಂದಿಗೂ ಬಳಕೆಯಲ್ಲಿದೆ. ಆದರೆ ಸವೆದುಹೋದ ಮೃದ್ವಸ್ಥಿಯನ್ನು ಯಾವ ಸೊಪ್ಪೂ ಮರಳಿ ಬೆಳೆಸಲಾರದು. ಶಾಖವು ಚಿಕಿತ್ಸೆಯ ಸಂಗಾತಿಯೇ ಹೊರತು ಅದರ ಬದಲಿಯಲ್ಲ.

ಬಳಸುವವರಿಗೆ ವಿವೇಕವೂ ಬೇಕು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದೇ ತಿಳಿಯದಾದುದರಿಂದ, ಗಂಟನ್ನು ಮೊದಲು ಕೊಡುವವರು ತಮ್ಮ ಮುಂಗೈಗೆ ಒತ್ತಿ ನೋಡಿಕೊಳ್ಳಬೇಕು. ಅಂಥವರ ಮರಗಟ್ಟಿದ ಪಾದಕ್ಕೆ ವೈದ್ಯರನ್ನು ಕೇಳದೆ ಶಾಖ ಕೊಡಲೇಬಾರದು. ಕೀಲು ಕೆಂಪೇರಿ ಬಾತು ಸುಡುತ್ತಿದ್ದರೆ, ಜ್ವರವಿದ್ದರೆ, ಚರ್ಮ ಒಡೆದಿದ್ದರೆ ಗಂಟನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗತಕ್ಕದ್ದು. ಎಕ್ಕದೆಲೆ ಬಳಸುವವರು ಅದರ ಹಾಲು ಕಣ್ಣಿಗೆ ತಾಗದಂತೆ ಎಚ್ಚರ ವಹಿಸಬೇಕು.

ಇವೆಲ್ಲಕ್ಕಿಂತ ಗುರುತರವಾದ ಸಂಗತಿ ಮತ್ತೊಂದುಂಟು. ಕೋಲಾರ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ; ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲವೆಂದು ಭಾರತೀಯ ಮಾನಕವೇ ಹೇಳುತ್ತದೆ. ಅಂತಹ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಮೂಳೆಗಳಲ್ಲಿ ಫ್ಲೋರೈಡ್ ಸೇರಿಕೊಂಡು, ಕೀಲುಗಳು ಬಿಗಿದು, ಬೆನ್ನು ಬಗ್ಗದಂತಾಗುವುದನ್ನು ವಯಸ್ಸಿನ ನೋವೆಂದೇ ಬಗೆದು, ಸಂಜೆಗೆ ಶಾಖ ಕೊಟ್ಟು ಬೆಳಗ್ಗೆ ಅದೇ ನೀರನ್ನು ಕುಡಿಸುತ್ತಿದ್ದರೆ ಉಪಚಾರವು ವ್ಯರ್ಥವಾಗದೆ ಮತ್ತೇನಾದೀತು?

ಆದಕಾರಣ, ಮಕ್ಕಳೂ ಸೊಸೆಯಂದಿರೂ ಮೊಮ್ಮಕ್ಕಳೂ ದಿನಕ್ಕೊಂದಿಷ್ಟು ಹೊತ್ತು ಹಿರಿಯರ ಬಳಿ ಕುಳಿತು ಶಾಖ ಕೊಡಲಿ. ಆಶಾ ಕಾರ್ಯಕರ್ತೆಯರು ಅದರ ಸುರಕ್ಷಿತ ಕ್ರಮವನ್ನು ಮನೆಮನೆಗೆ ತಿಳಿಸಲಿ. ಗ್ರಾಮಪಂಚಾಯಿತಿಗಳು ಪ್ರತಿಯೊಂದು ಕೊಳವೆಬಾವಿಯ ನೀರನ್ನೂ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಊರಿನೆದುರು ಪ್ರಕಟಿಸಲಿ. ಮೊದಲೆರಡು ನಮ್ಮ ಪ್ರೀತಿಗೆ ಬಿಟ್ಟ ವಿಷಯ. ಮೂರನೆಯದು ಹಿರಿಯರಿಗೆ ಸಲ್ಲಬೇಕಾದ ಹಕ್ಕು.