ನಿಮ್ಮ ಆಫ್‌ರೋಡು, ನಮ್ಮೂರ ರೋಡು

ಮೊದಲೇ ಹೇಳಿಬಿಡ್ತೀನಿ, ನನ್ನ ಹತ್ರಾನೂ ಒಂದು ಫೋರ್ ಬೈ ಫೋರ್ ಪಿಕಪ್ ಇದೆ. ಇಸುಜು ವಿ-ಕ್ರಾಸ್, ಸೆಕೆಂಡ್ ಹ್ಯಾಂಡ್. ಹಾಗಾಗಿ ಇದನ್ನು ಗಾಡಿ ಇಲ್ಲದವನ ಹೊಟ್ಟೆಕಿಚ್ಚು ಅಂತ ತಳ್ಳಿಹಾಕಬೇಡಿ. ನನ್ನ ಜಗಳ ಪಿಕಪ್ ಜೊತೆ ಅಲ್ಲ. ಗಾಡಿ ಕೊಂಡ ಮರುವಾರವೇ ಆಕ್ಸೆಸರಿ ಅಂಗಡಿಗೆ ನುಗ್ಗಿ, ನಾಲ್ಕೈದು ಲಕ್ಷ ಸುರಿದು, ಅದನ್ನು ತೇರಿನ ಹಾಗೆ ಅಲಂಕರಿಸಿ, ಕೊನೆಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಸೋಕಾಗದೆ ರಸ್ತೆ ಬದಿಯಲ್ಲಿ ನಿಲ್ಲಿಸ್ತಾರಲ್ಲ, ಆ ನನ್ನ ಸಹೋದ್ಯೋಗಿ ಬಂಧುಗಳ ಜೊತೆ.

ತೇರಿನ ಒಂದೊಂದೇ ಗೊಂಬೆ ನೋಡೋಣ.

ಮುಂದುಗಡೆ ಕಬ್ಬಿಣದ ಬುಲ್ ಬಾರ್. ಇದು ಕಾನೂನುಬಾಹಿರ ಅಂತ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಹೇಳಿದೆ. ಕಾರಣ ಸರಳ. ಡಿಕ್ಕಿಯಾದಾಗ ಮುದ್ದೆಯಾಗಿ ಪೆಟ್ಟನ್ನು ನುಂಗಲಿ ಅಂತ ಕಂಪನಿಯವರು ಮಾಡಿದ ಭಾಗಕ್ಕೆ ನಾವು ಅಡ್ಡ ಕಟ್ಟುತ್ತೀವಿ. ಏರ್‌ಬ್ಯಾಗ್ ತೆರೆಯುವ ಲೆಕ್ಕ ತಪ್ಪಬಹುದು. ಎದುರಿಗೆ ಸಿಕ್ಕ ಪಾದಚಾರಿಯ ಕಥೆಯಂತೂ ಹೇಳೋದೇ ಬೇಡ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಹಿಡಿದುಕೊಂಡು, ತಯಾರಕರು ಕೊಟ್ಟ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ ಅಂತ ಹೇಳಿತು. ತಿದ್ದುಪಡಿಯಾದ ಕಾಯ್ದೆಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಬಿಲ್ ಹಾಕುವ ಅಂಗಡಿಯವನು ಇದನ್ನೆಲ್ಲ ಹೇಳಲ್ಲ. ಸಿಗ್ನಲ್‌ನಲ್ಲಿ ಹಿಡಿಯೋದು ಅವನನ್ನಲ್ಲ, ನಿಮ್ಮನ್ನ.

ಇನ್ನು ತೂಕ. ಸ್ಟೀಲ್ ಬಂಪರ್ 60 ಕೇಜಿ, ವಿಂಚ್ 35, ಹಿಂದಿನ ಕ್ಯಾನೊಪಿ 60, ಮೇಲಿನ ಟೆಂಟ್ 60, ಹೆಚ್ಚುಕಮ್ಮಿ ಇಷ್ಟು. ಅಲ್ಲಿಗೆ 200 ದಾಟಿತು. ನಿಮ್ಮ ಆರ್‌ಸಿ ತೆಗೆದು ಗಾಡಿಯ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಉಳಿದದ್ದರಲ್ಲೇ ಐದು ಜನ, ಡೀಸೆಲ್ ಕ್ಯಾನು, ಬಿರಿಯಾನಿ ಪಾತ್ರೆ ಎಲ್ಲಾ ಬರಬೇಕು. ಸಾಮಾನು ಹೊರೋಕೆ ಅಂತ ಹುಟ್ಟಿದ ಗಾಡಿ ಅಲಂಕಾರ ಹೊತ್ತೇ ಸುಸ್ತಾಗಿರುತ್ತೆ. ಅದರಲ್ಲೂ ಟೆಂಟ್ ಇರೋದು ನೆತ್ತಿ ಮೇಲೆ. ಅಡ್ಡ ಇಳಿಜಾರಿನಲ್ಲಿ ಗಾಡಿ ಯಾಕೆ ವಾಲುತ್ತೆ ಅಂತ ಆಮೇಲೆ ಕೇಳಬೇಡಿ.

ಲಿಫ್ಟ್ ಕಿಟ್ ಬಗ್ಗೆ ಒಂದು ದೊಡ್ಡ ಮೂಢನಂಬಿಕೆ ಇದೆ. ಎರಡಿಂಚು ಎತ್ತರಿಸಿದರೆ ಕಲ್ಲು ತಾಗಲ್ಲ ಅಂತ. ಎತ್ತರಿಸೋದು ಬಾಡಿಯನ್ನ ಸ್ವಾಮಿ. ಹಿಂದಿನ ಆಕ್ಸಲ್ಲು, ಅದರ ಮಧ್ಯೆ ಜೋತಾಡೋ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತೆ. ಅದು ಮೇಲೇಳಬೇಕಾದರೆ ಟೈರ್ ದೊಡ್ಡದಾಗಬೇಕು. 245/70 ಆರ್16 ತೆಗೆದು 265/70 ಆರ್16 ಹಾಕಿದರೆ ಟೈರಿನ ವ್ಯಾಸ 28 ಮಿಲಿಮೀಟರ್ ಜಾಸ್ತಿಯಾಗುತ್ತೆ, ಆಕ್ಸಲ್ ಅದರ ಅರ್ಧ, ಅಂದರೆ 14 ಮಿಲಿಮೀಟರ್ ಮೇಲೇಳುತ್ತೆ. ಒಂದು ಬೆರಳಿನ ದಪ್ಪ! ಇದಕ್ಕೆ ತೆರುವ ಬೆಲೆ ಏನಪ್ಪಾ ಅಂದ್ರೆ ಸ್ಪೀಡೋಮೀಟರ್ ಸುಮಾರು ನೂರಕ್ಕೆ ನಾಲ್ಕರಷ್ಟು ಕಡಿಮೆ ತೋರಿಸುತ್ತೆ, ಬ್ರೇಕಿಗೂ ಕ್ಲಚ್ಚಿಗೂ ಕೆಲಸ ಹೆಚ್ಚು. ಲಿಫ್ಟಿನಿಂದ ಅಂಚು ಕೆರೆಯೋದು ತಪ್ಪುತ್ತೆ, ಒಪ್ಪುತ್ತೀನಿ. ಆದರೆ ಮುಂದಿನ ಸಿವಿ ಜಾಯಿಂಟ್ ಸೊಟ್ಟ ಕೋನದಲ್ಲಿ ತಿರುಗಿ ತಿರುಗಿ ಸವೆಯುತ್ತೆ.

ಸ್ನಾರ್ಕೆಲ್ ಅಂತೂ ನನ್ನ ಮೆಚ್ಚಿನ ಹಾಸ್ಯ. ಅದು ಗಾಳಿ ಎಳೆಯುವ ಬಾಯನ್ನು ಮೇಲಕ್ಕೆ ತರುತ್ತೆ, ಅಷ್ಟೇ. ಜಾಯಿಂಟುಗಳು ಸೀಲ್ ಆಗಿರದಿದ್ದರೆ ಅದೂ ಇಲ್ಲ. ಗೇರ್‌ಬಾಕ್ಸು, ಡಿಫರೆನ್ಷಿಯಲ್ಲಿನ ಬ್ರೀದರ್ ಪೈಪ್ ಕೆಳಗೇ ಇದ್ದರೆ ನೀರು ಅಲ್ಲಿಂದ ಒಳಗೆ ಬರುತ್ತೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಮುಳುಗಿದಾಗ ಸಾಫ್ಟ್‌ವೇರಿನವರು ಆಫೀಸಿಗೆ ಹೋದದ್ದು ಯಾವುದರಲ್ಲಿ? ಟ್ರ್ಯಾಕ್ಟರಿನಲ್ಲಿ.

ಹಾಗಾದರೆ ಏನೂ ಹಾಕಿಸಬಾರದಾ ಅಂದ್ರೆ, ಹಾಕಿಸಿ. ಕಂಪನಿ ಕೊಟ್ಟ ಅಳತೆಯಲ್ಲೇ ಒಳ್ಳೆ ಆಲ್ ಟೆರೇನ್ ಟೈರ್. 12 ವೋಲ್ಟಿನ ಒಂದು ಕಂಪ್ರೆಸರ್, ಒಂದು ಗೇಜ್. ಕೆಸರಿನಲ್ಲೋ ಮರಳಿನಲ್ಲೋ ಗಾಳಿಯನ್ನು 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿದರೆ ಟೈರು ನೆಲಕ್ಕೆ ಉದ್ದುದ್ದಕ್ಕೆ ಹರಡಿಕೊಂಡು ಹಿಡಿಯುತ್ತೆ. ನಿಧಾನಕ್ಕೆ ಓಡಿಸಿ, ಟಾರ್ ಸಿಕ್ಕಿದ ತಕ್ಷಣ ಮತ್ತೆ ತುಂಬಿಸಿ. ಇದಕ್ಕಿಂತ ಅಗ್ಗದ ಮಾಡಿಫಿಕೇಶನ್ ಜಗತ್ತಿನಲ್ಲಿಲ್ಲ, ಅದಕ್ಕೇ ಯಾರೂ ಮಾರಲ್ಲ. ಚಾಸಿಗೆ ಭದ್ರವಾಗಿ ಬಿಗಿದ ಕೊಕ್ಕೆ, ಒಳ್ಳೆ ಹಗ್ಗ, ಒಂದು ಸಲಿಕೆ. ಟ್ರೇಲರ್ ಎಳೆಯುವ ಟೋ ಬಾಲ್‌ಗೆ ಮಾತ್ರ ಹಗ್ಗ ಸಿಕ್ಕಿಸಿ ಜಗ್ಗಬೇಡಿ. ಅದು ಮುರಿದು ಗುಂಡಿನ ಹಾಗೆ ಹಾರಿ ಜನ ಸತ್ತಿದ್ದಾರೆ. ಇನ್ನೊಂದು, ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಪಟ್ಟಿ ಸ್ಪ್ರಿಂಗ್ ಮಾಡಿರೋದೇ ಭಾರಕ್ಕೆ. ನಾಲ್ಕು ಚೀಲ ಹೊರಿಸಿದರೆ ಚಕ್ರ ಜಾರೋದೇ ಕಡಿಮೆಯಾಗುತ್ತೆ. ನಮ್ಮೂರಿನ ಬೊಲೆರೋ ಪಿಕಪ್ ಓಡಿಸೋ ಅಣ್ಣನಿಗೆ ಇದು ಯಾವ ವಿಡಿಯೋ ನೋಡದೆಯೂ ಗೊತ್ತು.

ಈಗ ನನ್ನ ನಿಜವಾದ ಸಿಟ್ಟಿಗೆ ಬರ್ತೀನಿ.

ಮೂಡಿಗೆರೆ, ಸಕಲೇಶಪುರದ ಕಡೆ ನೀವು ಟ್ರೇಲ್ ಅಂತ ಕರೆಯೋದನ್ನ ನಾವು ದಾರಿ ಅಂತೀವಿ. ತೋಟದ ಮನೆಗಳಿಗೆ ಇರೋದು ಅದೊಂದೇ. ಸೋಮವಾರ ಬೆಳಗ್ಗೆ ಮಕ್ಕಳ ಸ್ಕೂಲ್ ಜೀಪ್ ಅದರಲ್ಲೇ ಬರಬೇಕು, ಹೆರಿಗೆ ನೋವು ಬಂದರೆ ಆಂಬುಲೆನ್ಸೂ. ಶನಿವಾರ ಹನ್ನೆರಡು ಗಾಡಿಗಳ ಕಾನ್ವಾಯ್ ಬಂದು, ಮಡ್ ಟೆರೇನ್ ಟೈರನ್ನು ನಿಂತಲ್ಲೇ ಗಿರ್ರನೆ ತಿರುಗಿಸಿ, ಕೆಸರು ಹಾರಿಸಿ, ಡ್ರೋನ್ ಶಾಟ್ ತಗೊಂಡು ಹೋಗುತ್ತೆ. ಉಳಿಯೋದು ಮೊಣಕಾಲುದ್ದದ ಎರಡು ಕಾಲುವೆ. ಮಳೆನೀರು ಚರಂಡಿ ಬಿಟ್ಟು ಅದರಲ್ಲೇ ಹರಿದು ದಾರಿಯನ್ನೇ ಕೊರೆಯುತ್ತೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆ ಮುಂದಿನ ದಾರಿಗೆ ಹೀಗೇ ಆಯ್ತು. ಅವರಲ್ಲೊಬ್ಬರು ವಿಂಚಿನ ಕೇಬಲ್ಲನ್ನು ಸಿಲ್ವರ್ ಮರಕ್ಕೆ ಬರಿದೇ ಸುತ್ತಿ ಜಗ್ಗಿದ್ದರು. ಮರದ ತೊಗಟೆ ಹೋಗಿದ್ದು ಬಿಡಿ, ಅದಕ್ಕೆ ಹಬ್ಬಿಸಿದ್ದ ಕಾಳುಮೆಣಸಿನ ಬಳ್ಳಿ ಬುಡದಲ್ಲೇ ತುಂಡಾಯ್ತು. ಹಾಗೆ ಫಸಲಿಗೆ ಬಂದ ಬಳ್ಳಿಯನ್ನು ಮತ್ತೆ ಬೆಳೆಸೋಕೆ ವರ್ಷಗಳು ಬೇಕು. ವಿಂಚಿಗೆ ಅಷ್ಟು ಸುರಿದವರು ಮರಕ್ಕೆ ಸುತ್ತೋ ಅಗಲದ ಪಟ್ಟಿ ಒಂದನ್ನು ತಂದಿರಲಿಲ್ಲ.

ನಿಮ್ಮೂರಿನ ಜೀಪಿನವರೂ ಮಳೆಗಾಲದಲ್ಲಿ ಚಕ್ರಕ್ಕೆ ಸರಪಳಿ ಸುತ್ತಿ ದಾರಿ ಅಗೀತಾರಲ್ಲ ಅಂತ ಆಫೀಸಿನಲ್ಲಿ ಒಬ್ಬ ಗೆಳೆಯ ಕೇಳಿದ. ಅಗೀತಾರೆ. ಮಾರನೇ ದಿನ ಅವರೇ ಕಲ್ಲು ಹೊತ್ತು ತಂದು ತುಂಬಿಸ್ತಾರೆ, ಯಾಕಂದ್ರೆ ಸಂಜೆ ಮನೆಗೆ ಬರಬೇಕಾದ್ದೂ ಅದೇ ದಾರಿಯಲ್ಲಿ. ನಿಮಗೆ ಭಾನುವಾರ ರಾತ್ರಿ ನೆಲಮಂಗಲ ಟೋಲ್ ದಾಟಿದರೆ ಮುಗೀತು.

ಬರಬೇಡಿ ಅಂತ ಹೇಳ್ತಿಲ್ಲ. ಮಳೆ ಬಿಟ್ಟು ನೆಲ ಗಟ್ಟಿಯಾದ ಮೇಲೆ ಬನ್ನಿ, ಮೂರು ಗಾಡಿಯಲ್ಲಿ ಬನ್ನಿ, ಯಾರ ತೋಟ ಅಂತ ಕೇಳಿಕೊಂಡು ಬನ್ನಿ. ಬರುವಾಗ ಹಿಂದಿನ ಟ್ರೇ ಖಾಲಿ ಇರುತ್ತಲ್ಲ, ಮೂಡಿಗೆರೆಯಲ್ಲಿ ನಾಲ್ಕು ಚೀಲ ಜಲ್ಲಿ ಹಾಕಿಸಿಕೊಳ್ಳಿ. ಬಂಪರು, ಟೆಂಟು ಎಲ್ಲಾ ಸೇರಿದಷ್ಟೇ ತೂಕ. ಎಲ್ಲಿ ಸುರಿಯಬೇಕು ಅಂತ ಊರಿನವರು ತೋರಿಸ್ತಾರೆ.